ಎಡಗೈಯ ಅಂಗಿ

ನಮ್ಮ ಮನೆಯಲ್ಲಿ ನನ್ನ ಎಡಗೈಗೆ ಒಂದು ಅಂಗಿ ಇತ್ತು. ಧಾರವಾಡದ ಬಳಿಯ ಗರಗ ಊರಿನ ಖಾದಿಯ ತುಂಡಿನಲ್ಲಿ ಹೊಲಿದ, ಮಣಿಕಟ್ಟಿನ ಹತ್ತಿರ ಲಾಡಿ ಎಳೆದು ಬಿಗಿಯುವ ಸಣ್ಣ ಚೀಲ ಅದು. ಅಪ್ಪ ಮತ್ತು ಕಾಕಾ ಖಾದಿ ಬಿಟ್ಟು ಬೇರೆ ತೊಡುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಅಂಥ ತುಂಡುಗಳಿಗೆ ಕೊರತೆ ಇರಲಿಲ್ಲ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಅದನ್ನು ಕೈಗೆ ಏರಿಸುತ್ತಿದ್ದರು, ಮಲಗುವಾಗ ಬಿಚ್ಚುತ್ತಿದ್ದರು. ಕಾರಣ ಇಷ್ಟೇ, ನಾನು ಎಡಚಿ. ಅನ್ನ ಕಲಸಲು, ಬಳಪ ಹಿಡಿಯಲು, ಪೇರಲ ಗಿಡಕ್ಕೆ ಕಲ್ಲು ಬೀರಲು, ಯಾವುದಕ್ಕೂ ಮೊದಲು ಮುಂದಾಗುತ್ತಿದ್ದದ್ದು ನನ್ನ ಎಡಗೈ. ಈ ಸಾಲುಗಳನ್ನೂ ಅದೇ ಕೈಯಿಂದ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಪಾಪ, ಹುಡುಗಿಗೆ ಏನೇನು ಕಷ್ಟ ಕೊಟ್ಟರೋ ಎಂದು ಯಾರೂ ಮರುಗುವುದು ಬೇಡ. ಆ ಜಗಳದಲ್ಲಿ ಗೆದ್ದವಳು ನಾನು.

ಮಾಳಮಡ್ಡಿಯ ಆ ಮನೆ ದೊಡ್ಡದೇನಲ್ಲ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ದೇವರಿಗೂ ಅಡುಗೆಗೂ ಸೇರಿದ ಕತ್ತಲ ನಡುಮನೆ, ಹಿಂದೆ ಹಿತ್ತಲು. ಅಷ್ಟರಲ್ಲೇ ಮೂರು ರಾಜ್ಯಗಳಿದ್ದವು. ನಡುಮನೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ, ಮನೆಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ಅಲ್ಲಿ ನೆತ್ತಿಯ ಮೇಲೆ ಒಂದು ಬಿದಿರು ಗಳ ತೂಗುತ್ತಿತ್ತು, ಅದರ ಮೇಲೆ ಅವಳ ಮಡಿ ಬಟ್ಟೆಗಳು. ಅವನ್ನು ಕೋಲಿನಿಂದ ಎತ್ತಿ ಹಾಕಬೇಕು, ಕೋಲಿನಿಂದಲೇ ಇಳಿಸಬೇಕು, ಅವಳ ಹೊರತು ಯಾರೂ ಮುಟ್ಟುವಂತಿಲ್ಲ. ಪಡಸಾಲೆ ಶಾಮಕಾಕಾನದು. ಅಪ್ಪನ ತಮ್ಮನಾದ ಅವನು ಮುಂಬಯಿಗೆ ಹೋಗಿ ಶಿಕ್ಷಕರ ಪದವಿ ಪಡೆದು ಬಂದು, ಊರಿನ ಇಂಗ್ಲಿಷ್ ಶಾಲೆಯಲ್ಲಿ ಮಾಸ್ತರನಾಗಿದ್ದ. ಬರುವಾಗ ಟ್ರಂಕಿನ ತುಂಬ ಮನಃಶಾಸ್ತ್ರದ ಪುಸ್ತಕ ತಂದಿದ್ದ. ಹಿತ್ತಲು ಅಪ್ಪನದು. ಅಪ್ಪ ಕಾಕಾನ ಶಾಲೆಯಲ್ಲೇ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅಲ್ಲಿ ಎಷ್ಟು ಮಾತಾಡುತ್ತಿದ್ದರೋ ಏನೋ, ಮನೆಯಲ್ಲಿ ಗಿಡಗಳ ಜೊತೆಗೇ ಹೆಚ್ಚು ಮಾತು. ಈ ಮೂರೂ ರಾಜ್ಯಗಳಿಗೆ ಹೊತ್ತು ಹೊತ್ತಿಗೆ ರೊಟ್ಟಿ ಬಡಿದು ಹಾಕುತ್ತಿದ್ದ ಅವ್ವನಿಗೆ ಮಾತ್ರ ಸ್ವಂತದ್ದೊಂದು ಮೂಲೆ ಇರಲಿಲ್ಲ. ಹಾಗಾಗಿ ಅವಳು ಎಲ್ಲ ಕಡೆಯೂ ಬಾಯಿ ಹಾಕುತ್ತಿದ್ದಳು.

ಆ ಕಾಲದಲ್ಲಿ ಧಾರವಾಡದ ಓದಿದವರ ಬಾಯಲ್ಲೆಲ್ಲ ವಿಕಾಸವಾದದ ಮಾತು. ನಮ್ಮ ಮನೆಯಲ್ಲಂತೂ ಊಟದ ಎಲೆಯ ಮುಂದೆಯೂ ಅದೇ. ಕಾಕಾನ ಪ್ರಕಾರ ಜಗತ್ತೆಂದರೆ ಒಂದು ಪಾವಟಗಿ. ಮೆಟ್ಟಿಲಿಗೆ ನಮ್ಮ ಕಡೆ ಪಾವಟಗಿ ಎನ್ನುತ್ತಾರೆ. ಮೀನು ಕೆಳಗಿನ ಪಾವಟಗಿ, ಮನುಷ್ಯ ಮೇಲಿನದು. ಜೀವಕ್ಕೆ ಹೇಗೋ ಮನಸ್ಸಿಗೂ ಹಾಗೇ, ಸಮಾಜಕ್ಕೂ ಹಾಗೇ. ಮನುಕುಲ ಸಾವಿರಾರು ವರ್ಷ ನಡೆದ ಹಾದಿಯನ್ನೇ ಪ್ರತಿಯೊಂದು ಮಗುವಿನ ಮನಸ್ಸೂ ಮತ್ತೆ ನಡೆಯುತ್ತದೆ ಎಂದು ಅವನ ಪುಸ್ತಕ ಹೇಳುತ್ತಿತ್ತಂತೆ. ನಾನು ಮಣ್ಣು ತಿಂದರೆ ಅದೊಂದು ಹಂತ, ಪೇರಲ ಗಿಡ ಹತ್ತಿದರೆ ಇನ್ನೊಂದು ಹಂತ. ಬಡಿಸುತ್ತಿದ್ದ ಅವ್ವ ಒಮ್ಮೆ ಕೇಳಿದಳು:

"ಶಾಮಣ್ಣಾ, ಉಂಡ ಎಲಿ ತಾವ ಎತ್ತೋ ಹಂತಾ ಗಂಡಸರಿಗೆ ಯಾವಾಗ ಬರ್ತದ್ರಿ?"

ಆಯಿ ನಡುಮನೆಯಿಂದಲೇ ಅಂದಳು:

"ದಶಾವತಾರದ ಮೀನಾ, ಆಮಿ, ಹಂದಿ, ಇದನ್ನೆಲ್ಲಾ ನಿನಗ ತೊಟ್ಟಲದಾಗ ಇದ್ದಾಗನ ಹೇಳೇನಿ. ಅದನ್ನ ಕಲೀಲಿಕ್ಕೆ ಮುಂಬೈತನಕಾ ಹೋಗಬೇಕಿತ್ತೇನೋ ಶಾಮ್ಯಾ?"

ಹೀಗೆ ದಿನವೂ ಕಾದಾಡುತ್ತಿದ್ದ ಆಯಿ ಮತ್ತು ಕಾಕಾ ಒಂದೇ ಒಂದು ವಿಷಯದಲ್ಲಿ ಒಂದಾದರು, ಆ ವಿಷಯ ನಾನು. ಒಂದು ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಓಣಿಯ ಹೆಂಗಸರೆಲ್ಲ ಬಂದಿದ್ದರು. ಬಟ್ಟಲು ಹಿಡಿದು ಅವರ ಮುಂದೆ ನಡೆಯುವ ಮರ್ಯಾದೆಯನ್ನು ಆ ಸಲ ನನಗೆ ಕೊಟ್ಟಿದ್ದರು. ನಾನು ಉಬ್ಬಿಹೋಗಿದ್ದೆ. ಮೊದಲು ಕುಳಿತಿದ್ದ ಹಿರಿಯ ಮುತ್ತೈದೆಗೆ ಬಾಗಿ, ನಗುತ್ತ, ಎಡಗೈಯಿಂದ ಕುಂಕುಮ ಹಚ್ಚಲು ಹೋದೆ. ಆಕೆ ಹಾವು ಕಂಡಂತೆ ಹಿಂದೆ ಸರಿದಳು. ಹೆಂಗಸರು ಎದ್ದು ಹೋದ ಮೇಲೆ ಪಡಸಾಲೆಯಲ್ಲಿ ನನ್ನ ವಿಚಾರಣೆ ನಡೆಯಿತು.

"ಇಂದೂ, ಎಡಗೈಲೆ ಕುಂಕಮಾ ಕೊಡ್ತಾರೇನ? ಓಣ್ಯಾಗ ತಲಿ ಎತ್ತಿ ಅಡ್ಡಾಡಧಂಗ ಮಾಡಿದಿ ನೋಡು!" ಎಂದು ಆಯಿ ಹಣೆ ಬಡಿದುಕೊಂಡಳು.

"ಆಯಿ ಹೇಳೂದು ಖರೇ ಅದ," ಅಂದ ಕಾಕಾ. "ಕಾರಣಾ ಅಷ್ಟ ಬ್ಯಾರೆ. ಮನುಷ್ಯಾ ಮ್ಯಾಲ ಬಂದಂಗ ಬಲಗೈ ಮುಂದ ಬಂತು. ಎಡಗೈ ಅಂದ್ರ ಹಿಂದಿನ ಪಾವಟಗಿ. ಇಕಿನ್ನ ಅಲ್ಲೆ ಬಿಡಬಾರದು, ಮ್ಯಾಲ ಎಳೀಬೇಕು."

ಅಂಗಿ ಹೊಲಿದದ್ದು ಮರುದಿನವೇ. ಶಾಸ್ತ್ರ ಎಂದು ಆಯಿ, ವಿಜ್ಞಾನ ಎಂದು ಕಾಕಾ, ಒಂದೊಂದು ಬದಿಯ ಲಾಡಿ ಹಿಡಿದು ಬಿಗಿದರು. ಆಮೇಲೆ ನಡೆದದ್ದೆಲ್ಲ ಬಲಗೈಯ ಪಾಡು. ಪಾಟಿಯ ಮೇಲೆ ನನ್ನ ಅಕ್ಷರಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಲೆಕ್ಕ ಬಾಯಲ್ಲಿ ಸರಿ, ಪಾಟಿಯಲ್ಲಿ ತಪ್ಪು. ಕನ್ನಡ ಶಾಲೆಯ ಮೂರನೇ ಇಯತ್ತೆಯಲ್ಲಿದ್ದೆ. ಮುಂದೆ ಇಂಗ್ಲಿಷ್ ಶಾಲೆಗೆ ಹೋಗಬೇಕೆಂಬುದು ನನ್ನ ಒಂದೇ ಆಸೆ. ಅಲ್ಲಿ ಗಾಜಿನ ಬರಣಿಯಲ್ಲಿ ಹಾವು ಇಟ್ಟಿದ್ದಾರಂತೆ, ಕಪ್ಪೆಯ ಎಲುಬು ಪೋಣಿಸಿ ನಿಲ್ಲಿಸಿದ್ದಾರಂತೆ ಎಂದು ಅಪ್ಪನಿಂದ ಕೇಳಿ ಕೇಳಿ ಹುಚ್ಚು ಹಿಡಿದಿತ್ತು. ಆದರೆ ಮನೆಯಲ್ಲಿ ಕಲಿಕೆಯ ವಿಷಯವೆಲ್ಲ ಶಿಕ್ಷಣದ ಪದವಿ ಪಡೆದ ಕಾಕಾನ ಕೈಯಲ್ಲಿತ್ತು, ಅವನು ಖಡಾಖಂಡಿತ ಹೇಳಿಬಿಟ್ಟ:

"ಬಲಗೈ ಅಕ್ಷರಾ ದುಂಡಗ ಬರೂತನಕಾ ಸಾಲಿ ಮಾತು ಬ್ಯಾಡ. ಮುಂದಿನ ನವರಾತ್ರಿತನಕಾ ನೋಡೂಣು. ಬರ್ಲಿಲ್ಲಂದ್ರ ಮನ್ಯಾಗ ಇರ್ಲಿ."

"ನಾನೂ ಅದನ್ನ ಅನ್ಲಿಕ್ಕತ್ತೇನಿ," ಅಂದಳು ಆಯಿ. "ಹೆಣ್ಣಿಗ್ಯಾಕ ಇಂಗ್ಲಿಷು?"

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ನನ್ನನ್ನು ವರ್ಷವಿಡೀ ನೆಟ್ಟಗೆ ನಿಲ್ಲಿಸಿತು. ಅಪ್ಪ ತಮ್ಮನೊಡನೆ ವಾದಿಸುತ್ತಿದ್ದರು, ತಾಯಿಯೊಡನೆ ವಾದಿಸುವ ಧೈರ್ಯ ಅವರಿಗಿರಲಿಲ್ಲ. ಒಂದು ಮುಂಜಾನೆ ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಒಂದು ಚಪ್ಪರ. ಅದರ ಒಂದು ಕಂಬಕ್ಕೆ ಅವರೆಬಳ್ಳಿ, ಇನ್ನೊಂದಕ್ಕೆ ಅಪ್ಪ ಕಲಘಟಗಿಯ ಕಾಡಿನಿಂದ ತಂದು ನೆಟ್ಟಿದ್ದ ಕಾಡುಗೆಣಸಿನ ಬಳ್ಳಿ. ನೋಡು ಅಂದರು. ದಿನಾ ನೋಡುವ ಬಳ್ಳಿಗಳು, ಅಂದು ಮೊದಲ ಸಲ ಕಂಡವು. ಅವರೆ ಒಂದು ಸುತ್ತಿನಲ್ಲಿ ಹತ್ತಿತ್ತು, ಗೆಣಸು ಅದಕ್ಕೆ ವಿರುದ್ಧ ಸುತ್ತಿನಲ್ಲಿ. ಅಪ್ಪ ಅವರೆಯ ಕುಡಿಯೊಂದನ್ನು ಮೆಲ್ಲಗೆ ಬಿಡಿಸಿ ಗೆಣಸಿನ ಹಾಗೆ ಉಲ್ಟಾ ಸುತ್ತಿಸಿ, ಬಾಳೆನಾರಿನಿಂದ ಸಡಿಲಾಗಿ ಕಟ್ಟಿದರು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಕುಡಿ ನಾರಿನಿಂದ ನುಸುಳಿ ತನ್ನ ಮೊದಲಿನ ದಿಕ್ಕಿಗೇ ತಿರುಗಿತ್ತು.

"ಅಪ್ಪಾ, ಇವೆರಡರಾಗ ಯಾವುದು ಹಿಂದಿನ ಪಾವಟಗಿ?"

"ಎರಡೂ ಚಪ್ಪರಾ ಮುಟ್ಟ್ಯಾವಲ್ಲ! ವಿಕಾಸ ಅಂದ್ರ ಒಬ್ಬರ ಮ್ಯಾಲ ಒಬ್ಬರು ಹತ್ತಿ ನಿಲ್ಲೂದಲ್ಲವಾ, ಕವಲ ಒಡಿಯೂದು. ಹಕ್ಕಿದು ಒಂದು ಟೊಂಗಿ, ಮಂಗ್ಯಾಂದು ಒಂದು ಟೊಂಗಿ. ಇದ್ದಲ್ಲೆ ಬದುಕಲಿಕ್ಕೆ ಯಾವುದು ಒದಗ್ತದೋ ಅದು ಉಳೀತದ."

"ಹಂಗಂತ ಕಾಕಾಗ ಹೇಳ್ರಿ."

"ಹೇಳೇನಿ. ಅಂವಗ ಪಾವಟಗಿ ಭಾಳ ಸೇರ್ತದ."

ಮುಂದೆ ನಾನು ಈ ವಿಷಯವನ್ನೇ ಓದಿದೆ, ಇದನ್ನೇ ಕಲಿಸಿದೆ. ನಕ್ಷತ್ರಗಳ ವಿಕಾಸ, ಭಾಷೆಯ ವಿಕಾಸ, ಕುಟುಂಬದ ವಿಕಾಸ, ಚಿತ್ತದ ವಿಕಾಸ ಎಂದು ಎಷ್ಟೋ ಸಭೆಗಳಲ್ಲಿ ಎಷ್ಟೋ ಪಂಡಿತರು ಮಾತಾಡಿದ್ದನ್ನು ಕೇಳಿದ್ದೇನೆ. ನಕ್ಷತ್ರಕ್ಕೆ ಮಕ್ಕಳು ಮರಿಗಳಿಲ್ಲ, ಭಾಷೆಗೆ ಎಲುಬಿಲ್ಲ, ಆದ್ದರಿಂದ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಗೇ ಅಂಟಿಸಲು ಬರುವುದಿಲ್ಲ. ಆದರೂ ಯಾರಾದರೂ ವೇದಿಕೆಯ ಮೇಲೆ ಪಾವಟಗಿ ಕಟ್ಟತೊಡಗಿದರೆ ನನ್ನ ಕಣ್ಣು ತಾನಾಗಿ ಅದರ ಮೇಲಿನ ತುದಿಗೆ ಹೋಗುತ್ತದೆ. ಅಲ್ಲಿ ನಿಂತವನು ಬಹುಮಟ್ಟಿಗೆ ಆ ಭಾಷಣಕಾರನ ಹಾಗೆಯೇ ಬಟ್ಟೆ ಹಾಕಿಕೊಂಡಿರುತ್ತಾನೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ, ನಮ್ಮ ಪಡಸಾಲೆಯಲ್ಲಿ ಕಣ್ಣಾರೆ ಕಂಡೆ.

ಮರುವರ್ಷದ ನವರಾತ್ರಿಗೆ ಓಣಿಯ ಉಪನ್ಯಾಸಗಳಲ್ಲಿ ಒಂದು ಸಂಜೆ ಕಾಕಾನದೆಂದು ಗೊತ್ತಾಯಿತು. ವಿಷಯ ಏನೆಂದು ಹೇಳಬೇಕಾಗಿಲ್ಲ. ಅದಕ್ಕಾಗಿ ದೊಡ್ಡ ದೊಡ್ಡ ಚಿತ್ರ ಬರೆಸಲು ಅವನು ಹುಬ್ಬಳ್ಳಿಯಿಂದ ಹಸನ್‌ಸಾಬ್ ಎಂಬ ಪೇಂಟರನನ್ನು ಕರೆಸಿದ. ಅಂಗಡಿಗಳಿಗೆ ಬೋರ್ಡು, ನಾಟಕ ಕಂಪನಿಗಳಿಗೆ ಪಡದೆ ಬರೆಯುವ ಕೈ ಅದು. ಪಡಸಾಲೆಯಲ್ಲಿ ಗರಗದ ಖಾದಿಯನ್ನು ಚಾಚಿ, ಗೋಂದಿನಲ್ಲಿ ಕಾವಿ ಮತ್ತು ಕಾಡಿಗೆ ಕಲಸಿ, ಆತ ಬರೆಯುತ್ತಿದ್ದರೆ ನಾನು ಶಾಲೆ ಬಿಟ್ಟ ಕೂಡಲೇ ಓಡಿಬಂದು ಅಲ್ಲಿಯೇ ಕೂತುಬಿಡುತ್ತಿದ್ದೆ. ಒಂದು ಬಟ್ಟೆಗೆ ಒಂದು ಪಾವಟಗಿ, ಅದರ ಮೇಲೆ ಒಂದು ಪ್ರಾಣಿ. ಮೀನು, ಕಪ್ಪೆ, ಉಡ, ಹಕ್ಕಿ, ಮಂಗ. ಕೊನೆಯ ಬಟ್ಟೆಯ ಮೇಲೆ ಕೋಟು, ಧೋತರ, ಕೆಂಪು ರುಮಾಲಿನ ಮನುಷ್ಯ, ಕಂಕುಳಲ್ಲಿ ಪುಸ್ತಕ. ಥೇಟ್ ಕಾಕಾನೇ, ಮೀಸೆಯೊಂದು ಹೆಚ್ಚಿಗೆ, ಅಷ್ಟೇ.

"ಈ ಪಾವಟಗಿ ಮ್ಯಾಲ ಹೆಂಗಸರು ಎಲ್ಲೆ ನಿಂತಾರ್ರಿ ಶಾಮಣ್ಣಾ?" ಅವ್ವ ಚಹಾ ತಂದಿಡುತ್ತ ಕೇಳಿದಳು.

"ವೈನೀ, ಮನುಷ್ಯಾ ಅಂದ್ರ ಇಬ್ಬರೂ ಬಂದ್ರು."

"ಹಂಗಾದ್ರ ಆ ರುಮಾಲ ತಗಸ್ರಿ."

ಹಸನ್‌ಸಾಬ್ ಬಾಯಿಗೆ ವಸ್ತ್ರ ಒತ್ತಿಕೊಂಡು ನಕ್ಕ. ನನ್ನ ಕೈಯ ಚೀಲ ಕಂಡು ಅವನು ಗಾಯವೆಂದುಕೊಂಡಿರಬೇಕು. ಗೆರೆ ಹಾಕಿಕೊಳ್ಳಲು ತಂದಿದ್ದ ಬಣ್ಣದ ಖಡುವಿನ, ಅಂದರೆ ಸೀಮೆಸುಣ್ಣದ, ಒಂದು ತುಂಡು ನನ್ನ ಬಲಗೈಗೆ ಕೊಟ್ಟು ಹೇಳಿದ:

"ಮದಲ ಬೆನ್ನಿನ ಗೆರಿ ಎಳೀಬೇಕವಾ. ಬೆನ್ನ ಬಂತಂದ್ರ ಪ್ರಾಣಿ ಬಂದಂಗ. ಕಾಲು, ಬಾಲಾ ಆಮ್ಯಾಲ ಹಚ್ಚಾಕ ಬರತೈತಿ."

ಆ ತುಂಡನ್ನು ತೆಗೆದುಕೊಂಡು ಹಿತ್ತಲಿಗೆ ಹೋದೆ. ಆಯಿ ಮಧ್ಯಾಹ್ನ ಅಡ್ಡಾಗಿದ್ದಳು. ಲಾಡಿಯನ್ನು ಹಲ್ಲಿನಿಂದ ಎಳೆದು ಬಿಚ್ಚಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಡಗೈಯಿಂದ ಮೀನಿನ ಬೆನ್ನು ಎಳೆದೆ. ಮೀನು ಬಂತು. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಗು ಬಂತು. ಆಮೇಲೆ ದಿನವೂ ಅದೇ ಕೆಲಸ. ಬರೆಯುವುದು, ನೀರು ಸುರಿದು ಅಳಿಸುವುದು, ಮತ್ತೆ ಬರೆಯುವುದು. ಅಪ್ಪ ಅವರೆ ಬಿಡಿಸುವ ನೆವದಿಂದ ಅಲ್ಲೇ ಸುಳಿದಾಡುತ್ತ, ಆಯಿ ಎದ್ದ ಸಪ್ಪಳವಾದರೆ ಕೆಮ್ಮುತ್ತಿದ್ದರು. ತಾಯಿಗೆ ಎದುರಾಡದ ಮಗನ ಬಂಡಾಯ ಅದು.

ಬಲಗೈ ಅಕ್ಷರ ಮಾತ್ರ ದುಂಡಗಾಗಲಿಲ್ಲ. ಕಾಕಾ ನನ್ನ ಪಾಟಿ ನೋಡಿ ತಲೆ ಅಲ್ಲಾಡಿಸಿದ. ಉಪನ್ಯಾಸ ಮುಗಿಯಲಿ, ಆಮೇಲೆ ನಿನ್ನದು ಇತ್ಯರ್ಥ ಮಾಡೋಣ ಅಂದ. ಏನು ಇತ್ಯರ್ಥವೆಂದು ನನಗೆ ಗೊತ್ತಿತ್ತು.

ಉಪನ್ಯಾಸದ ಹಿಂದಿನ ದಿನ ಚಿತ್ರಗಳು ಮುಗಿದವು. ಮಕ್ಕಳ ಕೈಗೆ ಸಿಗಬಾರದು ಎಂದು ಕಾಕಾ ಎತ್ತರದ ಜಾಗ ಹುಡುಕಿದ. ಮನಸ್ಸು ಹತ್ತಾರು ಲಕ್ಷ ವರ್ಷಗಳ ಹಿಂದೆ ಅಲೆಯುತ್ತಿದ್ದುದರಿಂದಲೋ ಏನೋ, ಕಣ್ಣಿಗೆ ಬಿದ್ದ ಗಳಕ್ಕೆ ಬಟ್ಟೆಗಳನ್ನು ಚಿತ್ರ ಒಳಮುಖವಾಗಿ ಮಡಚಿ ಹಾಕಿದ. ಅದು ಆಯಿಯ ಮಡಿ ಬಟ್ಟೆಯ ಗಳ! ಆ ಮನೆಯಲ್ಲಿ ಹುಟ್ಟಿ ಬೆಳೆದವನು, ನಡುಮನೆಯ ಗಳವನ್ನು ಮರೆಯುವುದೆಂದರೆ! ನವರಾತ್ರಿಯಲ್ಲಿ ಆಯಿಯ ಮಡಿ ಹತ್ತುಪಟ್ಟು ಕಠಿಣ. ಮರುದಿನ ಪೂಜೆ ಮುಗಿಸಿ ಬಂದವಳ ಮಬ್ಬುಗಣ್ಣಿಗೆ ಗಳದ ಮೇಲೆ ಅಪರಿಚಿತ ಬಿಳಿ ಬಟ್ಟೆಗಳು ಕಂಡವು. ಯಾರದೋ ಒಗೆಯದ ಬಟ್ಟೆ, ಮೈಲಿಗೆ! ಎಲ್ಲವನ್ನೂ ಕೋಲಿನಿಂದ ಎತ್ತಿ ಎತ್ತಿ, ತನ್ನ ಬಟ್ಟೆಗಳ ಜೊತೆಗೇ ಹಿತ್ತಲಿನ ನೀರು ತುಂಬಿದ ಕಲ್ಲಿನ ದೋಣಿಯೊಳಗೆ ಮುಳುಗಿಸಿಬಿಟ್ಟಳು.

ಹಿತ್ತಲಿನಿಂದ ಕಾಕಾನ ಕೂಗು ಕೇಳಿ ನಾವೆಲ್ಲ ಓಡಿದೆವು. ದೋಣಿಯ ನೀರು ಕಾವಿ ಬಣ್ಣಕ್ಕೆ ತಿರುಗಿತ್ತು. ಮೀನು, ಮಂಗ ಎರಡೂ ಕರಗಿ ಒಂದಾಗಿದ್ದವು. ಮನುಷ್ಯನ ರುಮಾಲಿನ ಕೆಂಪು ಎಲ್ಲ ಬಟ್ಟೆಗಳಿಗೂ ಸಮನಾಗಿ ಹಂಚಿಹೋಗಿತ್ತು.

"ಗಳದ ಮ್ಯಾಲ ಹಾಕಿದಾಂವಾ ನೀನು, ಮುಳುಗಿಸಿದಾಕಿ ನಾನು. ಯಾರದು ತಪ್ಪು?" ಎಂದು ಆಯಿ ಗಟ್ಟಿಯಾಗಿಯೇ ಕೇಳಿದಳು. ಆದರೆ ಅವಳ ಮುಖ ಸಣ್ಣದಾಗಿತ್ತು.

ಕಾಕಾ ಕಟ್ಟೆಯ ಮೇಲೆ ಕುಸಿದು ಕೂತ. ಹುಬ್ಬಳ್ಳಿಯಿಂದ ಪೇಂಟರನನ್ನು ಮತ್ತೆ ಕರೆಸಿ ಬರೆಸುವಷ್ಟು ಹೊತ್ತೇ ಇಲ್ಲ. ಊರಿನ ದೊಡ್ಡವರೆಲ್ಲ ಬರುತ್ತಾರೆ. ಚಿತ್ರ ತೋರಿಸುತ್ತೇನೆಂದು ಹೇಳಿ ಮುಗಿದಿದೆ. ಆಗ ಅಪ್ಪ ಮೆಲ್ಲಗೆ ಅಂದರು:

"ನಮ್ಮ ಇಂದೂ ಬರೀತಾಳ. ಸಭಾಗೃಹದಾಗ ದೊಡ್ಡ ಹಲಗಿ ಅದ, ಖಡು ಅದ. ನೀ ಹೇಳ್ಕೋತ ಹೋಗು, ಅಕಿ ಬರಕೋತ ಹೋಗ್ತಾಳ."

"ಬಲಗೈಲೆ ಅಕ್ಷರನ ನೆಟ್ಟಗ ಬರೂದಿಲ್ಲಾ, ಚಿತ್ರಾ ಬರೀತಾಳೇನು?"

"ಬಲಗೈ ಸುದ್ದಿ ಯಾರ ತಗದ್ರು?"

ಅವ್ವ ಬಂದವಳೇ ನನ್ನ ಮಣಿಕಟ್ಟಿನ ಲಾಡಿ ಎಳೆದಳು, ಚೀಲವನ್ನು ಕಟ್ಟೆಯ ಮೇಲೆ ಎಸೆದಳು. ಆಯಿಯ ಎದುರಿಗೇ. ಆಮೇಲೆ ನನ್ನ ತಲೆ ಬಾಚಲು ಕರೆದುಕೊಂಡು ಹೋದಳು.

ಸಭಾಗೃಹ ತುಂಬಿತ್ತು. ಗಂಡಸರು ಮುಂದೆ, ಹೆಂಗಸರು ಬದಿಗೆ ಜಮಖಾನೆಯ ಮೇಲೆ. ಅವ್ವನ ಪಕ್ಕದಲ್ಲಿ, ಮುಟ್ಟದಷ್ಟು ದೂರ ಸರಿದು, ಆಯಿ ಕೂತಿದ್ದಳು. ಹಲಗೆಯ ಮುಂದೆ ಸ್ಟೂಲು ಹಾಕಿ ನನ್ನನ್ನು ನಿಲ್ಲಿಸಿದರು. ಕಾಕಾ ಮೀನಿನಿಂದ ಶುರು ಮಾಡಿದ. ಬೆನ್ನಿನ ಗೆರೆ ಎಳೆದೆ. ಮೀನು ಬಂತು. ಮುಂದೆ ಕೂತ ಹಿರಿಯರೊಬ್ಬರು ಗೊಣಗಿದ್ದು ಕೇಳಿಸಿತು:

"ಹುಡಿಗಿ ಎಡಗೈಲೆ ಬರೀಲಿಕ್ಕತ್ತಾಳಲ್ರಿ!"

ಕೇಳಿಯೂ ಕೇಳದವಳ ಹಾಗೆ ಕಪ್ಪೆ ಬರೆದೆ, ಉಡ ಬರೆದೆ. ಸಭೆಯ ಗುಜುಗುಜು ನಿಂತಿತು. ಈಗ ಉಡದ ಮೇಲೆ ಹಕ್ಕಿ, ಹಕ್ಕಿಯ ಮೇಲೆ ಮಂಗ ಬರಬೇಕಿತ್ತು. ಹಕ್ಕಿ ಅಂದ ಕಾಕಾ. ಮಂಗವನ್ನು ಹಕ್ಕಿಯ ತಲೆಯ ಮೇಲೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಆ ಸುಳ್ಳು ನನಗೆ ಚೆನ್ನಾಗಿ ಗೊತ್ತಿತ್ತು, ಅದೇ ಸುಳ್ಳಿನ ಅಂಗಿಯನ್ನು ವರ್ಷವಿಡೀ ಕೈಗೆ ತೊಟ್ಟಿದ್ದೆ. ನಡುವಿನಿಂದ ಒಂದು ಟೊಂಗೆ ಬಲಕ್ಕೆ ಎಳೆದು ಅದರ ತುದಿಗೆ ಹಕ್ಕಿಯನ್ನು ಕೂರಿಸಿದೆ. ಇನ್ನೊಂದನ್ನು ಎಡಕ್ಕೆ ಎಳೆದು ಮಂಗ ಬರೆದೆ. ಹಿಂದಕ್ಕೆ ಹೋಗಿ ಮೀನಿಗೂ ಕಪ್ಪೆಗೂ ಉಡಕ್ಕೂ ಒಂದೊಂದು ಟೊಂಗೆ ಕೊಟ್ಟೆ. ಹಲಗೆಯ ತುಂಬ ಮರ ಹಬ್ಬಿತು.

"ಮಾಸ್ತರ, ನೀವು ಪಾವಟಗಿ ಅಂದ್ರಿ, ಪಾವಟಗಿ ಎಲ್ಲೆ ಅದ?" ಎಂದು ಯಾರೋ ಕೇಳಿದರು.

ಕಾಕಾ ತಿರುಗಿ ನೋಡಿದ. ನೋಡುತ್ತಲೇ ನಿಂತ. ನನ್ನ ಶಾಲೆ ಹೋಯಿತು ಅಂದುಕೊಂಡೆ. ಆದರೂ ಅಳಿಸಲಿಲ್ಲ. ಕಾಕಾ ಅಪ್ಪನ ಕಡೆ ನೋಡಿದ, ಮತ್ತೆ ಹಲಗೆಯ ಕಡೆ ನೋಡಿದ. ಆಮೇಲೆ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟ.

"ಇಲ್ಲೆ ನಾ ಎಡಗೈ ಬಗ್ಗೆ ಒಂದು ಮಾತು ಹೇಳಾಂವ ಇದ್ದೆ. ಅದು ಹಿಂದಿನ ಪಾವಟಗಿ ಅಂತ. ಆ ಮಾತು ಬಿಟ್ಟುಬಿಡ್ತೇನ್ರಿ. ಪಾವಟಗಿನೂ ಬಿಡ್ತೇನಿ. ನಮ್ಮ ಹುಡುಗಿ ಬರದದ್ದು ಖರೇ ಅದ. ಇದು ಮರಾ. ನಮ್ಮ ಅಣ್ಣಾ ಹೇಳಿದಾಗ ನನಗ ತಿಳೀಲಿಲ್ಲ."

ಚಪ್ಪಾಳೆ ಬಿತ್ತು. ಕಾಕಾನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಆ ಗಳಿಗೆಯಲ್ಲಿ ಅವನಷ್ಟು ದೊಡ್ಡವನು ಯಾರೂ ಕಾಣಲಿಲ್ಲ. ತುಂಬಿದ ಸಭೆಯಲ್ಲಿ ತನ್ನ ಮಾತನ್ನು ತಾನೇ ಹಿಂದೆ ತೆಗೆದುಕೊಂಡ ಪಂಡಿತರನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ.

"ಮನುಷ್ಯಾ ಎಲ್ಲೆ ಇದ್ದಾನವಾ?" ಎಂದು ಕಾಕಾನೇ ಕೇಳಿದ. ಮಂಗದ ಪಕ್ಕದ ಟೊಂಗೆಯ ತುದಿಗೆ ಒಬ್ಬ ಗಂಡಸನ್ನು ಬರೆದೆ, ರುಮಾಲಿಲ್ಲದೆ. ಅವನಷ್ಟೇ ಎತ್ತರಕ್ಕೆ ಸೆರಗು ಸಿಗಿಸಿ ನಿಂತ ಹೆಂಗಸನ್ನು ಬರೆದೆ, ಅವ್ವ ರೊಟ್ಟಿ ಬಡಿಯಲು ಸಜ್ಜಾಗುವ ಹಾಗೆ. ಮೊದಲು ನಕ್ಕದ್ದು ಹೆಂಗಸರ ಬದಿ. ಅವ್ವನ ನಗೆ ಎಲ್ಲಕ್ಕಿಂತ ಮೇಲೆ ಕೇಳಿತು.

ಮನೆಗೆ ನಡೆದು ಬರುವಾಗ ಕಾಕಾ ಅಪ್ಪನಿಗೆ ಹೇಳಿದ: "ಜೂನದಾಗ ನಮ್ಮ ಸಾಲಿಗೆ ಬರ್ತಾಳ. ಯಾವ ಕೈಲೆ ಬೇಕು ಆ ಕೈಲೆ ಬರೀಲಿ." ಅಪ್ಪ ನನ್ನ ಎಡಗೈಯ ಮುಷ್ಟಿಯನ್ನೇ ಹಿಡಿದುಕೊಂಡು ನಡೆದರು. ನಾನು ನೆಲ ಮುಟ್ಟದೆ ನಡೆಯುತ್ತಿದ್ದೆ.

ಬಾಗಿಲಲ್ಲಿ ಕಾಲು ತೊಳೆದುಕೊಂಡ ಆಯಿ ನನ್ನನ್ನು ತಡೆದಳು. ಸೊಂಟದಿಂದ ಏನೋ ತೆಗೆದಳು. ಕಟ್ಟೆಯ ಮೇಲೆ ಅವ್ವ ಎಸೆದ ಅದೇ ಚೀಲ. ವರ್ಷದ ರೂಢಿ, ಎಡಗೈ ತಾನಾಗಿ ಮುಂದೆ ಹೋಯಿತು.

"ಕೈ ಅಲ್ಲ. ಕೈಯಾಗ ಏನದ ಅದನ್ನ ಹಾಕು," ಅಂದಳು ಆಯಿ.

ಸಭೆಯಿಂದ ಮುಷ್ಟಿಯಲ್ಲಿ ಬಿಗಿಹಿಡಿದು ತಂದಿದ್ದ ಖಡುವಿನ ತುಂಡುಗಳು ನನಗೇ ಮರೆತುಹೋಗಿದ್ದವು. ಚೀಲದ ಬಾಯನ್ನು ಅವಳೇ ಅಗಲಿಸಿ ಹಿಡಿದಳು. ಹಾಕಿದೆ. ಲಾಡಿ ಎಳೆದು ಬಿಗಿದು, ಚೀಲವನ್ನು ನನ್ನ ಎಡಗೈಯಲ್ಲಿಟ್ಟಳು.

"ಇನ್ನ ಇದರಾಗ ಖಡು ಇಟಗೋ. ಕುಂಕಮಾ ಅಷ್ಟ ಬಲಗೈಲೆ ಕೊಡವಾ, ನನ್ನ ಸಲುವಾಗಿ."

ಅಂದಿನಿಂದ ಇಂದಿನವರೆಗೂ ಕುಂಕುಮವನ್ನು ಬಲಗೈಯಿಂದಲೇ ಕೊಟ್ಟಿದ್ದೇನೆ. ಉಳಿದದ್ದನ್ನೆಲ್ಲ ಎಡಗೈಯಿಂದ ಮಾಡಿದ್ದೇನೆ.